ಸೋಯಾಬೀನ್ ಎಣ್ಣೆ: ಒಲಿಯಿಕ್ ಹೆಚ್ಚಿಸುವ ಸಂಕರಣದ ಎಫ್2 ಕಾಳಿನಲ್ಲಿ ಶೇ 32 ಮಾತ್ರ, ಮುಂದುವರಿಸಬೇಕೇ?

ಕಾಳುಹೊಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಣ್ಣೆಕಾಳು ತಳಿ ಅಭಿವೃದ್ಧಿಯಲ್ಲಿ ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ.

ಜೆಎಸ್ 335 ಎಂಬ ಸೋಯಾಬೀನ್ ತಳಿಗೆ ಹೆಚ್ಚು ಒಲಿಯಿಕ್ ಆಮ್ಲದ (ಎಣ್ಣೆ ಬೇಗ ಕೆಡದಂತೆ ಮಾಡುವ ಕೊಬ್ಬಿನಾಮ್ಲ) ಗುಣ ತರಬೇಕೆಂದು ಸಂಕರಣ ಮಾಡಿದ್ದೇವೆ. ಹೆಣ್ಣು ಜೆಎಸ್ 335. ಗಂಡು, ಅಂದರೆ ಗುಣದ ದಾನಿ, ಅಮೆರಿಕದ ವಿಲಿಯಮ್ಸ್ 82 ತಳಿ ಮೂಲದ ಬಿಳಿ ಹೂವಿನ ಸಾಲು. ಇದರಲ್ಲಿ ಫ್ಯಾಡ್2-1ಎ, ಫ್ಯಾಡ್2-1ಬಿ ಎರಡೂ ಜೀನ್ ಮ್ಯೂಟೆಂಟ್ (ಬದಲಾಗಿ ಕೆಲಸ ಕೆಟ್ಟಂಥವು), ಕಾಳಿನಲ್ಲಿ ಒಲಿಯಿಕ್ ಶೇ 80ರ ಹತ್ತಿರ. ಇದೇ ಸಾಲಿನಲ್ಲಿ ಲಿನೊಲೆನಿಕ್ ಇಳಿಸುವ ಫ್ಯಾಡ್3ಎ, ಫ್ಯಾಡ್3ಸಿ ಮ್ಯುಟೇಶನ್‌ಗಳೂ ಇವೆ.

ಬೇಸಿಗೆ ಬೆಳೆಯಲ್ಲಿ ಎಫ್1 (ಸಂಕರಣದ ಮೊದಲ ಪೀಳಿಗೆ) ಗಿಡಗಳಿಂದ ಕೊಯ್ದ ಕಾಳನ್ನು ಒಂದು ಹಿಡಿ ಒಟ್ಟಿಗೆ ಪುಡಿ ಮಾಡಿ ಜಿಸಿಗೆ (ಗ್ಯಾಸ್ ಕ್ರೊಮ್ಯಾಟೊಗ್ರಫಿ, ಕೊಬ್ಬಿನಾಮ್ಲ ಅಳೆಯುವ ಪರೀಕ್ಷೆ) ಕೊಟ್ಟಾಗ ಬಂದ ಫಲಿತಾಂಶ, ಶೇಕಡಾವಾರು: ಪಾಮಿಟಿಕ್ 10.5, ಸ್ಟಿಯರಿಕ್ 3.8, ಒಲಿಯಿಕ್ 32, ಲಿನೊಲಿಯಿಕ್ 46.7, ಲಿನೊಲೆನಿಕ್ 7. ದಾನಿಯ 80 ಎಲ್ಲಿ, ಇದು ಎಲ್ಲಿ? ಗುಣ ಬಂದಿಲ್ಲ, ಈ ಸಂಕರಣ ಕೈಬಿಡಿ ಎಂಬ ಸಲಹೆ ಬಂದಿದೆ. ನಿಜವಾಗಿ ಕೈಬಿಡಬೇಕೇ? ಮುಂದುವರಿಸುವುದಾದರೆ ಎಷ್ಟು ಕಾಳು ಪರೀಕ್ಷಿಸಬೇಕು? ನಾಲ್ಕೂ ಜೀನ್ ಒಟ್ಟಿಗೆ ಹಿಡಿಯಲು ಹೋಗಬೇಕೇ, ಫ್ಯಾಡ್2 ಜೋಡಿ ಮೊದಲು ಸಾಕೇ? ಮೊಳಕೆ, ಇಳುವರಿ ಕುಗ್ಗುತ್ತದೆಯೇ?

ಬೀಜದಳ

ಕೈಬಿಡಬೇಡಿ. ನಿಮ್ಮ ಸಂಕರಣ ಸರಿಯಾಗಿದ್ದರೆ ಒಟ್ಟು ಪುಡಿಯಲ್ಲಿ 32ರ ಆಸುಪಾಸೇ ಬರಬೇಕು. 60 ಬಂದಿದ್ದರೆ ಅನುಮಾನಪಡಬೇಕಿತ್ತು.

ಸೋಯಾಬೀನಿನಲ್ಲಿ ಎಣ್ಣೆ ತುಂಬುವುದು ಬೀಜದಳಗಳಲ್ಲಿ. ಬೀಜದಳ ಭ್ರೂಣದ ಅಂಗ. ಹಾಗಾಗಿ ಎಣ್ಣೆಯ ಗುಣವನ್ನು ತೀರ್ಮಾನಿಸುವುದು ಮುಖ್ಯವಾಗಿ ಆ ಕಾಳಿನೊಳಗಿನ ಭ್ರೂಣದ ಜೀನ್‌ಗಳು. ಎಫ್1 ಗಿಡದ ಮೇಲೆ ಕಟ್ಟಿದ ಪ್ರತಿ ಕಾಳೂ ಆಗಲೇ ಎಫ್2 ಪೀಳಿಗೆ. ಒಂದೇ ಕಾಯಿಯ ಮೂರು ಕಾಳಿನಲ್ಲಿ ಮೂರು ಬಗೆಯ ಎಣ್ಣೆ ಇರಬಹುದು. ಅವನ್ನೆಲ್ಲ ಒಟ್ಟಿಗೆ ಅರೆದರೆ ಸಿಗುವುದು ಸರಾಸರಿ ಮಾತ್ರ.

ಲೆಕ್ಕ ಹಾಕೋಣ. ಎರಡೂ ಮ್ಯುಟೇಶನ್ ಅಪ್ರಬಲ, ಜೀನಿನ ಎರಡೂ ಪ್ರತಿ ಕೆಟ್ಟರೆ ಮಾತ್ರ ಗುಣ ಕಾಣುತ್ತದೆ. ಎಫ್2 ಕಾಳು ಹದಿನಾರರಲ್ಲಿ ಒಂಬತ್ತರಲ್ಲಿ ಈ ಜೀನ್‌ಗಳ ಎರಡೂ ಕಿಣ್ವ ಕೆಲಸ ಮಾಡುತ್ತವೆ, ಒಲಿಯಿಕ್ 24ರ ಹತ್ತಿರ. ಮೂರರಲ್ಲಿ 1ಎ ಮಾತ್ರ ಕೆಲಸ ನಿಲ್ಲಿಸಿರುತ್ತದೆ, 40 ಎಂದಿಟ್ಟುಕೊಳ್ಳಿ. ಇನ್ನು ಮೂರರಲ್ಲಿ 1ಬಿ ಮಾತ್ರ ಕೆಲಸ ನಿಲ್ಲಿಸಿರುತ್ತದೆ, 30 ಎನ್ನಿ. ಉಳಿದ ಒಂದರಲ್ಲಿ ಎರಡರ ಕೆಲಸವೂ ನಿಂತು 80. ಒಟ್ಟು 216 + 120 + 90 + 80 = 506. ಹದಿನಾರರಿಂದ ಭಾಗಿಸಿದರೆ 31.6. ನಿಮ್ಮ ಜಿಸಿ ಕೊಟ್ಟದ್ದು 32.

ಒಂದು ಜೀನಿನ ಕೆಲಸ ನಿಂತರೆ 30-50ರ ಒಳಗೇ ಉಳಿದು, ಎರಡರದ್ದೂ ನಿಂತಾಗ 80ಕ್ಕೆ ಜಿಗಿಯುವುದು ಏಕೆ ಎಂದರೆ, ಸೋಯಾಬೀನ್ ಹಳೆಯ ಕಾಲದಲ್ಲಿ ಇಡೀ ಜೀನೋಮ್ ಇಮ್ಮಡಿಯಾದ ಬೆಳೆ. 10ನೇ ಕ್ರೋಮೋಸೋಮಿನ ಫ್ಯಾಡ್2-1ಎ, 20ನೇ ಕ್ರೋಮೋಸೋಮಿನ ಫ್ಯಾಡ್2-1ಬಿ ಒಂದೇ ಕೆಲಸದ ಎರಡು ಪ್ರತಿಗಳು: ಒಲಿಯಿಕ್ ಆಮ್ಲಕ್ಕೆ ಎರಡನೇ ದ್ವಿಬಂಧ ಸೇರಿಸಿ ಲಿನೊಲಿಯಿಕ್ ಮಾಡುವುದು. ಒಂದು ನಿಂತರೆ ಇನ್ನೊಂದು ಬಹುಪಾಲು ಕೆಲಸ ನಿಭಾಯಿಸುತ್ತದೆ. ಜಪಾನಿನಲ್ಲಿ ಬೇ ಎಂಬ ತಳಿಗೆ ಎಕ್ಸ್-ರೇ ಹಾಯಿಸಿ ಪಡೆದ ಎಂ23 ಸಾಲಿನಲ್ಲಿ 1ಎ ಜೀನ್ ಅಳಿಸಿಹೋಗಿದ್ದರೂ ಒಲಿಯಿಕ್ 50ರ ಹತ್ತಿರಕ್ಕೇ ನಿಂತಿತ್ತು. 2010ರಲ್ಲಿ ಜಪಾನಿನ ಒಂದು ತಂಡ, ಅಮೆರಿಕದ ಮಿಸೌರಿಯ ಒಂದು ತಂಡ ಬೇರೆ ಬೇರೆಯಾಗಿ 1ಬಿಯ ಮ್ಯುಟೇಶನ್‌ಗಳನ್ನು ಜೋಡಿಸಿದ ಮೇಲೆಯೇ 80 ದಾಟಿದ್ದು. ಮಿಸೌರಿಯವರು ಬಳಸಿದ್ದು ವಿಲಿಯಮ್ಸ್ 82ರಿಂದ ಬಂದ 17ಡಿ ಎಂಬ 1ಎ ಮ್ಯೂಟೆಂಟ್ ಮತ್ತು ಪಿಐ 283327 ಎಂಬ ಸಾಲಿನಲ್ಲಿ ಸಹಜವಾಗಿಯೇ ಇದ್ದ 1ಬಿ ಮ್ಯುಟೇಶನ್. ಅದರಲ್ಲಿ ಪ್ರೋಟೀನಿನ 137ನೇ ಸ್ಥಾನದ ಅಮೈನೋ ಆಮ್ಲ ಪ್ರೊಲಿನ್ ಹೋಗಿ ಆರ್ಜಿನಿನ್ ಬಂದಿದೆ.

ನಿಮ್ಮ 32ಕ್ಕೆ ಇನ್ನೊಂದು ಕಾರಣವೂ ಇರಬಹುದು, ಅದನ್ನು ಮೊದಲು ತಳ್ಳಿಹಾಕಿ. ಬೇಸಿಗೆ ಬೆಳೆ ಎಂದಿದ್ದೀರಿ. ಕಾಳು ತುಂಬುವಾಗ ಬಿಸಿಲು ಜೋರಾಗಿದ್ದರೆ ಮಾಮೂಲಿ ಜೆಎಸ್ 335ರ ಒಲಿಯಿಕ್ ಕೂಡ 30 ಮುಟ್ಟಬಹುದು, ಶಾಖದಲ್ಲಿ ಫ್ಯಾಡ್2-1 ಕಿಣ್ವ ಬೇಗ ನಾಶವಾಗುತ್ತದೆ. ಅಂದರೆ ಸಂಕರಣ ಆಗದೆ ಸ್ವಪರಾಗಸ್ಪರ್ಶವಾದ ಗಿಡವೂ ನಿಮಗೆ 30-32 ಕೊಡಬಹುದು. ಸರಾಸರಿ ನೋಡಿ ಇದನ್ನು ಬಿಡಿಸಲಾಗದು. ಒಂದೊಂದು ಗಿಡದಿಂದ 20 ಕಾಳು ತೆಗೆದು ಒಂಟಿ ಕಾಳಿನ ಜಿಸಿ ಮಾಡಿಸಿ. ಎಲ್ಲವೂ 28ರಿಂದ 34ರೊಳಗೆ ಗುಂಪುಗೂಡಿದ್ದರೆ ಅದು ಎಫ್1 ಅಲ್ಲ. 24ರಿಂದ 45ರವರೆಗೆ ಹರಡಿಕೊಂಡು, ನಡುವೆ ಒಂದೋ ಎರಡೋ 75 ದಾಟಿದ್ದರೆ ನಿಮ್ಮ ಸಂಕರಣ ಗೆದ್ದಿದೆ.

ಸಂಖ್ಯೆಯ ಪ್ರಶ್ನೆಗೆ: ಹದಿನಾರರಲ್ಲಿ ಒಂದು ಬೇಕಾದಾಗ, ಕನಿಷ್ಠ ಒಂದಾದರೂ ಸಿಗುವ ಖಾತ್ರಿ ಶೇ 95 ಇರಬೇಕೆಂದರೆ 47 ಕಾಳು, ಶೇ 99 ಎಂದರೆ 72. ಆದರೆ ಒಂದೇ ಒಂದು ಗಿಡ ಹಿಡಿದುಕೊಂಡು ತಳಿ ಮಾಡಲಾಗದು. ಅವಧಿ, ಎತ್ತರ, ಕಾಯಿ ಸಿಡಿಯುವಿಕೆ, ತುಕ್ಕುರೋಗ ಇವನ್ನೆಲ್ಲ ನೋಡಿ ಆಯಲು ಕೈಯಲ್ಲಿ ಹತ್ತು-ಹನ್ನೆರಡಾದರೂ ಇರಬೇಕು. 200 ಕಾಳು ಪರೀಕ್ಷಿಸಿ, ಸರಾಸರಿ 12-13 ಸಿಗುತ್ತವೆ.

ಜಿಸಿ_ಕೋಣೆ

ಒಂಟಿ ಕಾಳಿನ ಪರೀಕ್ಷೆ ಎಂದರೆ ಕಾಳನ್ನೇ ಕಳೆದುಕೊಳ್ಳುವುದು ಎಂದು ಹಲವರು ಹಿಂಜರಿಯುತ್ತಾರೆ. ಬೇಕಿಲ್ಲ, ಚೂರು ಸಾಕು. ವಿಧಾನ ವಿವರವಾಗಿ ಬರೆಯುತ್ತೇನೆ, ಸಾಮಾನ್ಯವಾಗಿ ಇಲ್ಲೇ ಎಡವಟ್ಟಾಗುವುದು.

ಕಾಳಿನ ಕಣ್ಣು ಇರುವ ಬದಿಯಲ್ಲಿ ಮೊಳಕೆಯ ಬೇರು-ಕಾಂಡದ ಅಕ್ಷ ಇರುತ್ತದೆ. ಅದರ ತೀರಾ ಎದುರು ತುದಿಯಿಂದ ಹೊಸ ಬ್ಲೇಡಿನಲ್ಲಿ ಕಾಳಿನ ಐದನೇ ಒಂದು ಭಾಗ ಕತ್ತರಿಸಿ, 20-25 ಮಿಲಿಗ್ರಾಂ ಸಿಗುತ್ತದೆ. ತೇವಾಂಶ ಶೇ 7-8ಕ್ಕೆ ಇಳಿದ ಕಾಳು ಕತ್ತರಿಸುವಾಗ ಒಡೆದು ಎರಡು ಬೇಳೆಯಾಗುತ್ತದೆ. ಶೇ 10-11ರಲ್ಲಿ ಚೆನ್ನಾಗಿ ಕತ್ತರಿಸಬಹುದು. ಚೂರು 96 ಗುಳಿಯ ತಟ್ಟೆಗೆ, ಉಳಿದ ಕಾಳು ಅದೇ ಗುರುತಿನ ಇನ್ನೊಂದು ತಟ್ಟೆಗೆ. ಎರಡೂ ತಟ್ಟೆಯ ಮೂಲೆಗೆ ಒಂದೇ ಕಡೆ ಗುರುತು ಹಾಕಿ. ತಟ್ಟೆ ತಿರುಗಿಹೋಗಿ ಎ1 ಎಂದುಕೊಂಡದ್ದು ಎಚ್12 ಆದರೆ ಯಾವ ಯಂತ್ರವೂ ಅದನ್ನು ಪತ್ತೆ ಹಚ್ಚುವುದಿಲ್ಲ.

ಚೂರನ್ನು ಜಜ್ಜಿ ಕ್ಲೋರೋಫಾರ್ಮ್, ಹೆಕ್ಸೇನ್, ಮೆಥನಾಲ್ 8:5:2 ಪ್ರಮಾಣದ ಮಿಶ್ರಣ 1 ಮಿಲಿ ಹಾಕಿ, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಿ. ಬೆಳಗ್ಗೆ ತಿಳಿಯಿಂದ 100 ಮೈಕ್ರೋಲೀಟರ್ ತೆಗೆದು, ಮೀಥೈಲೇಟ್ ಮಾಡುವ ದ್ರಾವಣ 75 ಮೈಕ್ರೋಲೀಟರ್ ಸೇರಿಸಿ. ಆ ದ್ರಾವಣ ಎಂದರೆ 0.25 ಮೋಲಾರ್ ಸೋಡಿಯಂ ಮೆಥಾಕ್ಸೈಡ್ ಇರುವ ಮೆಥನಾಲ್, ಪೆಟ್ರೋಲಿಯಂ ಈಥರ್, ಈಥೈಲ್ ಈಥರ್, 1:5:2 ಪ್ರಮಾಣದಲ್ಲಿ. ಆಮೇಲೆ ಹೆಕ್ಸೇನ್ ಹಾಕಿ 1 ಮಿಲಿಗೆ ತನ್ನಿ. ಧ್ರುವೀಯ ಕ್ಯಾಪಿಲರಿ ಕಾಲಮ್, ಎಫ್ಐಡಿ ಡಿಟೆಕ್ಟರ್. ಗೆರೆಗಳು (ಪೀಕ್) ಪಾಮಿಟಿಕ್, ಸ್ಟಿಯರಿಕ್, ಒಲಿಯಿಕ್, ಲಿನೊಲಿಯಿಕ್, ಲಿನೊಲೆನಿಕ್ ಕ್ರಮದಲ್ಲಿ ಬರುತ್ತವೆ. ಐದರ ವಿಸ್ತೀರ್ಣದ ಶೇಕಡಾವಾರು ಸಾಕು, ಆಂತರಿಕ ಮಾನಕ ಬೇಕಿಲ್ಲ.

ಈಥರ್, ಹೆಕ್ಸೇನ್ ಬೇಗ ಹೊತ್ತಿಕೊಳ್ಳುವಂಥವು, ಕ್ಲೋರೋಫಾರ್ಮ್ ಉಸಿರಿಗೆ ಕೆಟ್ಟದ್ದು. ಎಲ್ಲವನ್ನೂ ಫ್ಯೂಮ್ ಹುಡ್‌ನಲ್ಲೇ ಮಾಡಿ.

ತಪ್ಪಾಗುವುದು ಹೀಗೆ. ಮೆಥಾಕ್ಸೈಡಿಗೆ ತೇವ ಸೇರಿದರೆ ಎಣ್ಣೆ ಎಸ್ಟರ್ ಆಗುವ ಬದಲು ಸಾಬೂನಾಗುತ್ತದೆ, ಎಲ್ಲ ಗೆರೆಗಳೂ ಕುಗ್ಗುತ್ತವೆ. ಮಳೆಗಾಲದಲ್ಲಿ ಬಾಟಲಿ ತೆರೆದಿಟ್ಟರೆ ಇದು ಖಚಿತ. ದ್ರಾವಣವನ್ನು ಆಗಾಗ ಹೊಸದಾಗಿ ಮಾಡಿಕೊಳ್ಳಿ. ಎಣ್ಣೆ ತೆಗೆದ ಮೇಲೆ ಸೀಸೆಯನ್ನು ಬೆಳಕಿನಲ್ಲಿ, ತೆರೆದ ಬಾಯಲ್ಲಿ ಇಟ್ಟರೆ ಲಿನೊಲೆನಿಕ್ ಉತ್ಕರ್ಷಣಗೊಂಡು ಕಡಿಮೆ ತೋರುತ್ತದೆ. ಫ್ಯಾಡ್3 ಮ್ಯೂಟೆಂಟ್ ಸಿಕ್ಕಿತೆಂದು ಸುಳ್ಳು ಸಂತೋಷವಾಗುತ್ತದೆ. ಇನ್ನೊಂದು, ಒಲಿಯಿಕ್ ಗೆರೆಯ ಹೆಗಲಿಗೆ ಅಂಟಿಕೊಂಡಂತೆ ವ್ಯಾಕ್ಸೆನಿಕ್ ಆಮ್ಲದ ಸಣ್ಣ ಗೆರೆ ಬರುತ್ತದೆ, ಶೇ 1ರಿಂದ 1.5. ಅದನ್ನು ಸೇರಿಸುವುದೋ ಬಿಡುವುದೋ ಮೊದಲೇ ನಿರ್ಧರಿಸಿ, ಎಲ್ಲ ಮಾದರಿಗೂ ಅದನ್ನೇ ಪಾಲಿಸಿ. ಪ್ರತಿ ತಟ್ಟೆಯಲ್ಲೂ ಜೆಎಸ್ 335 ನಾಲ್ಕು ಕಾಳು, ದಾನಿಯ ನಾಲ್ಕು ಕಾಳು ಇರಲಿ. ಅವು ನಿಮ್ಮ ಸಂಕರಣದ ಜೊತೆ, ಅದೇ ಋತುವಿನಲ್ಲಿ ಬೆಳೆದ ಕಾಳೇ ಆಗಿರಬೇಕು, ಕಳೆದ ಮುಂಗಾರಿನ ಚೀಲದಿಂದ ತೆಗೆದದ್ದಲ್ಲ.

ಕತ್ತರಿಸಿದ ಕಾಳು ನೇರ ಹೊಲಕ್ಕೆ ಬೇಡ. ಕತ್ತರಿಸಿದ ಮುಖದಿಂದ ನೀರು ರಭಸವಾಗಿ ನುಗ್ಗಿದರೆ ಬೀಜದಳದ ಜೀವಕೋಶಗಳು ಒಡೆಯುತ್ತವೆ, ಹಿಂದೆಯೇ ಬೂಷ್ಟು. ಥೈರಾಂ ಅಥವಾ ಕಾರ್ಬಾಕ್ಸಿನ್-ಥೈರಾಂ ಪುಡಿಯನ್ನು ಕಿಲೋಗೆ 3 ಗ್ರಾಂ ಲೆಕ್ಕದಲ್ಲಿ ಲೇಪಿಸಿ, ಪ್ರೊಟ್ರೇಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ತೇವವಿರುವ ಕೋಕೋಪೀಟಿನಲ್ಲಿ 2 ಸೆಂಮೀ ಆಳಕ್ಕೆ ಊರಿ. ನೆನೆಹಾಕಬೇಡಿ. ಮೊದಲ ಮೂರೆಲೆ ಬಿಚ್ಚಿದಾಗ ಬೇರಿನ ಗಡ್ಡೆ ಒಡೆಯದಂತೆ ನಾಟಿ ಮಾಡಿ.

ಮುಂಗಾರು_ಸಾಲು

ಜೆಎಸ್ 335 ನೇರಳೆ ಹೂ, ದಾನಿ ಬಿಳಿ ಹೂ. ನೇರಳೆ ಪ್ರಬಲ. ನೀವು ನೇರಳೆಯನ್ನೇ ಹೆಣ್ಣು ಮಾಡಿದ್ದೀರಿ, ಹಾಗಾಗಿ ಎಫ್1 ನೇರಳೆ ಬಂದರೂ ಏನೂ ಸಾಬೀತಾಗದು. ಮುಂದೆ ಸಂಕರಣ ಮಾಡುವಾಗ ತಿರುಗಿಸಿ: ಬಿಳಿ ಹೂವಿನ ದಾನಿ ಹೆಣ್ಣು, ಜೆಎಸ್ 335 ಗಂಡು. ಆಗ ಹೂವಿಗೂ ಕಾಯಬೇಕಿಲ್ಲ. ಮೊಳಕೆ ಮೇಲೆದ್ದ ವಾರದೊಳಗೆ ಬೀಜದಳದ ಕೆಳಗಿನ ಕಾಂಡ ನೋಡಿ, ನೇರಳೆ ಛಾಯೆ ಇದ್ದರೆ ಎಫ್1, ಹಸಿರಾಗಿದ್ದರೆ ಸ್ವಪರಾಗ, ಕಿತ್ತುಹಾಕಿ.

ಮೊಗ್ಗು ಆಯುವುದೇ ಇದರಲ್ಲಿ ಮುಖ್ಯ. ಪುಷ್ಪಪಾತ್ರೆಯ ಸಂದಿಯಿಂದ ದಳದ ತುದಿ ಆಗತಾನೇ ಇಣುಕುತ್ತಿರುವ ಮೊಗ್ಗು ಮರುದಿನ ಬೆಳಗ್ಗೆ ಅರಳುವಂಥದ್ದು. ಅದರೊಳಗೆ ಶಲಾಕಾಗ್ರ (ಹೂವಿನ ಹೆಣ್ಣು ಭಾಗದ ತುದಿ) ಪರಾಗ ಸ್ವೀಕರಿಸಲು ಸಿದ್ಧವಿರುತ್ತದೆ, ಕೇಸರಗಳು ಇನ್ನೂ ಒಡೆದಿರುವುದಿಲ್ಲ. ಐದು ಪುಷ್ಪಪತ್ರ ಕಿತ್ತು, ದಳಗಳನ್ನು ಚಿಮುಟದಿಂದ ಹಿಡಿದು ಮೇಲಕ್ಕೆಳೆದರೆ ಹತ್ತು ಕೇಸರಗಳ ಬಹುಪಾಲು ಜೊತೆಗೇ ಬರುತ್ತವೆ. ಉಳಿದದ್ದನ್ನು ಮಸೂರದಡಿ ತೆಗೆಯಿರಿ. ಆಗಲೇ ಪರಾಗ ಸವರಿ, ಮರುದಿನಕ್ಕೆ ಬಿಡಬೇಡಿ. ಗಂಡು ಹೂ ಅದೇ ಬೆಳಗ್ಗೆ ಅರಳಿದ್ದಾಗಿರಬೇಕು, ಏಳರಿಂದ ಹತ್ತರೊಳಗೆ. ಅದೇ ಗೆಣ್ಣಿನ ಉಳಿದ ಮೊಗ್ಗುಗಳನ್ನೆಲ್ಲ ತೆಗೆದುಬಿಡಿ. ಕೊಯ್ಲಿನಲ್ಲಿ ಚೀಟಿ ಬಿದ್ದುಹೋಗಿದ್ದರೂ ಸಂಕರಣದ ಕಾಯಿ ಗುರುತು ಸಿಗುತ್ತದೆ, ಬುಡದಲ್ಲಿ ಒಣಗಿದ ಪುಷ್ಪಪತ್ರಗಳು ಇರುವುದಿಲ್ಲ.

ನಿಮ್ಮನ್ನು ಹೆಚ್ಚು ಕಾಡುವುದು ಹಗಲಿನ ಉದ್ದ ಎಂದು ನನ್ನ ಅನಿಸಿಕೆ. ವಿಲಿಯಮ್ಸ್ 82 ಅಮೆರಿಕದ ಮೆಕ್ಕೆಜೋಳ ಸೀಮೆಗೆ ಹೊಂದಿದ ಮೂರನೇ ಪಕ್ವತಾ ಗುಂಪಿನ ತಳಿ. ಅಲ್ಲಿ ಜೂನ್ ಹಗಲು 15 ಗಂಟೆ, ಧಾರವಾಡ-ಬೆಳಗಾವಿ ಕಡೆ 13 ಗಂಟೆ. ನಮ್ಮ ಕಡೆ ಆ ಸಾಲು ಗೇಣುದ್ದ ಇರುವಾಗಲೇ ಹೂ ಬಿಟ್ಟು, ನಾಲ್ಕು ಕಾಯಿ ಕಟ್ಟಿ ಮುಗಿಸುತ್ತದೆ. ದಾನಿಯನ್ನು ವಾರದ ಅಂತರದಲ್ಲಿ ಮೂರು-ನಾಲ್ಕು ಕಂತಾಗಿ ಬಿತ್ತಿ, ಅಥವಾ ಮೊದಲ ನಾಲ್ಕು ವಾರ ಬಲ್ಬಿನ ಬೆಳಕು ಕೊಟ್ಟು ಹಗಲನ್ನು 15 ಗಂಟೆಗೆ ಹಿಗ್ಗಿಸಿ. ಆಗ ಹೂವಿನ ಕಾಲ ಜೆಎಸ್ 335ರ ಜೊತೆ ಕೂಡಿಬರುತ್ತದೆ.

ಎಫ್2ನಲ್ಲೂ ಇದೇ ಒಡೆದು ಕಾಣುತ್ತದೆ. ಒಲಿಯಿಕ್ 80 ಇದ್ದು ಮೊಳಕಾಲೆತ್ತರವೂ ಬಾರದ ಗಿಡಗಳು ಸಿಗುತ್ತವೆ. ಪಕ್ವತೆಯ ಇ2 ಜೀನ್ ಇರುವುದೂ 10ನೇ ಕ್ರೋಮೋಸೋಮಿನಲ್ಲೇ, ಫ್ಯಾಡ್2-1ಎಗೆ ತುಂಬಾ ದೂರವಲ್ಲದ ಕಡೆ. ದಾನಿಯ ಇ2 ಅಲೀಲ್ (ಜೀನಿನ ರೂಪ) ಜೆಎಸ್ 335ಕ್ಕಿಂತ ಬೇರೆಯಾಗಿದ್ದರೆ ಅದು ಬೆನ್ನು ಹತ್ತಿ ಬರುವ ಸಾಧ್ಯತೆ ಹೆಚ್ಚು. 20ನೇ ಕ್ರೋಮೋಸೋಮಿನಲ್ಲೂ ಅಷ್ಟೇ ಎಚ್ಚರ ಬೇಕು: ಪ್ರೋಟೀನ್ ಹೆಚ್ಚಿಸಿ ಎಣ್ಣೆ ತಗ್ಗಿಸುವ ದೊಡ್ಡ ಕ್ಯೂಟಿಎಲ್ (ಇಂಥ ಗುಣದ ಮೇಲೆ ಪ್ರಭಾವ ಬೀರುವ ಡಿಎನ್‌ಎ ಭಾಗ) ಫ್ಯಾಡ್2-1ಬಿ ಇರುವ ಕ್ರೋಮೋಸೋಮಿನದೇ. ಎಣ್ಣೆಯ ಗುಣ ಗೆದ್ದು ಎಣ್ಣೆಯ ಪ್ರಮಾಣ ಶೇ 20ರಿಂದ 17ಕ್ಕೆ ಬಿದ್ದರೆ ಗಿರಣಿಯವರು ತಿರುಗಿಯೂ ನೋಡುವುದಿಲ್ಲ. ಆಯ್ದ ಸಾಲುಗಳಲ್ಲಿ ಎನ್ಐಆರ್ (ಅವಗೆಂಪು ಬೆಳಕಿನಲ್ಲಿ ಅಳೆಯುವ) ಯಂತ್ರದ ಮೇಲೆ ಒಟ್ಟು ಎಣ್ಣೆ, ಪ್ರೋಟೀನ್ ಎರಡನ್ನೂ ಪ್ರತಿ ಪೀಳಿಗೆ ಅಳೆಯಿರಿ.

ಹಾಗಾಗಿ ನೇರ ಎಫ್2 ಆಯ್ಕೆಗಿಂತ ಎರಡು ಬಾರಿ ಜೆಎಸ್ 335ಕ್ಕೆ ಬ್ಯಾಕ್‌ಕ್ರಾಸ್ (ಮೂಲ ತಳಿಗೇ ಮರುಸಂಕರಣ) ಮಾಡುವುದು ಒಳ್ಳೆಯದು. ಅಲ್ಲಿ ಜಿಸಿ ನೆರವಿಗೆ ಬರದು. ಬಿಸಿ1 (ಮೊದಲ ಬ್ಯಾಕ್‌ಕ್ರಾಸಿನ) ಕಾಳಿನಲ್ಲಿ ಪ್ರತಿ ಜೀನಿಗೆ ಹೆಚ್ಚೆಂದರೆ ಒಂದೊಂದು ಮ್ಯೂಟೆಂಟ್ ಪ್ರತಿ ಇರುತ್ತದೆ, ಎಣ್ಣೆಯಲ್ಲಿ ಅದು ಋತುವಿನ ಏರಿಳಿತದಿಂದ ಬೇರ್ಪಡುವಷ್ಟು ಎದ್ದುಕಾಣುವುದಿಲ್ಲ. ಎಲೆಯ ಚೂರಿನಿಂದ ಡಿಎನ್‌ಎ ತೆಗೆದು ಕ್ಯಾಸ್ಪ್ ಮಾರ್ಕರ್ (ಜೀನಿನ ರೂಪ ಗುರುತಿಸುವ ಡಿಎನ್‌ಎ ಪರೀಕ್ಷೆ) ಹಾಕಲೇಬೇಕು. ಎರಡೂ ಜೀನ್ ಹೊತ್ತದ್ದು ನಾಲ್ಕರಲ್ಲಿ ಒಂದು, 11 ಕಾಳಿದ್ದರೆ ಶೇ 95 ಖಾತ್ರಿ. ನಾಲ್ಕೂ ಜೀನ್ ಬೇಕೆಂದರೆ ಹದಿನಾರರಲ್ಲಿ ಒಂದು, 47 ಕಾಳು. ಹೂಗಳಲ್ಲಿ ಮೂರನೇ ಒಂದು ಭಾಗ ಕಚ್ಚಿ, ಕಾಯಿಗೆ ಎರಡು ಕಾಳೆಂದರೂ 47ಕ್ಕೆ 70ಕ್ಕೂ ಹೆಚ್ಚು ಹೂ ಬೇಕು. ಬಿಸಿ2ರಲ್ಲಿ ಸರಾಸರಿ ಶೇ 87.5 ಜೆಎಸ್ 335 ಮರಳುತ್ತದೆ.

ಕಾಳುಹೊಲ

ಸರ್, ಮೇಡಂ, ಎಲ್ಲರಿಗೂ ಧನ್ಯವಾದ. ಉಳಿದ ಕಾಳು ಹಾಗೇ ಇದೆ, ಗಿಡವಾರು ಬೇರೆ ಬೇರೆ ಪಾಕೀಟಿನಲ್ಲಿ. ಫ್ಯಾಡ್3 ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ನಾಲ್ಕೂ ಜೀನ್ ಎಂದರೆ 256ರಲ್ಲಿ ಒಂದು, ಅಷ್ಟು ಜಿಸಿ ಮಾಡಿಸಲು ಸಾಧ್ಯವಿಲ್ಲ. ಬಿಟ್ಟುಬಿಡಲೇ? ಇಂದೋರಿನ ಹೆಚ್ಚು ಒಲಿಯಿಕ್ ತಳಿ ಎನ್‌ಆರ್‌ಸಿ 147 ಇದೆಯಲ್ಲ, ಅದನ್ನೇ ದಾನಿ ಮಾಡಬಹುದಿತ್ತೇ?

ಗಾಣ_ಗಿರಣಿ

ಎಣ್ಣೆಯ ಕಡೆಯಿಂದ ಹೇಳುತ್ತೇನೆ. ಮಾಮೂಲಿ ಸೋಯಾ ಎಣ್ಣೆಯಲ್ಲಿ ಒಲಿಯಿಕ್ 23, ಲಿನೊಲಿಯಿಕ್ 53, ಲಿನೊಲೆನಿಕ್ 7-8. ಗಾಳಿಗೆ ಕೆಡುವ ವೇಗ ಒಲಿಯಿಕ್‌ಗೆ 1 ಎಂದರೆ ಲಿನೊಲಿಯಿಕ್‌ಗೆ ಸುಮಾರು 10, ಲಿನೊಲೆನಿಕ್‌ಗೆ 20ಕ್ಕೂ ಹೆಚ್ಚು. ಕಾಯಿಸಿದ ಸೋಯಾ ಎಣ್ಣೆಯಿಂದ ಬರುವ ಮೀನಿನಂಥ, ಬಣ್ಣದ ಡಬ್ಬಿಯಂಥ ವಾಸನೆಗೆ ಮುಖ್ಯ ಕಾರಣ ಈ ಕೊನೆಯದು. ಮೊದಲೆಲ್ಲ ಭಾಗಶಃ ಹೈಡ್ರೋಜನೀಕರಣ ಮಾಡಿ ಇದನ್ನು ತಗ್ಗಿಸುತ್ತಿದ್ದರು, ಅದರಿಂದ ಟ್ರಾನ್ಸ್ ಕೊಬ್ಬು ಹುಟ್ಟುತ್ತಿತ್ತು. ಅಮೆರಿಕದಲ್ಲಿ 2015ರ ತೀರ್ಮಾನದ ಬಳಿಕ ಆ ದಾರಿ ಮುಚ್ಚಿತು, ನಮ್ಮಲ್ಲಿ 2022ರ ಜನವರಿಯಿಂದ ಟ್ರಾನ್ಸ್ ಕೊಬ್ಬಿನ ಮಿತಿ ಶೇ 2. ಹಾಗಾಗಿ ಕಾಳಿನಲ್ಲೇ ಗುಣ ತರುವ ಕೆಲಸಕ್ಕೆ ಈಗ ಬೆಲೆ.

ಫ್ಯಾಡ್2 ಜೋಡಿಯ ಕೆಲಸ ನಿಂತರೆ ಲಿನೊಲೆನಿಕ್ ಕೂಡ ತುಸು ಇಳಿಯುತ್ತದೆ, ಫ್ಯಾಡ್3ಗೆ ಕಚ್ಚಾಮಾಲಾದ ಲಿನೊಲಿಯಿಕ್ ಕಡಿಮೆಯಾಗುವುದರಿಂದ. ಶೇ 3ರ ಕೆಳಗೆ ತರಬೇಕೆಂದರೆ ಫ್ಯಾಡ್3 ಮ್ಯುಟೇಶನ್ ಬೇಕು. ಹೋಟೆಲ್, ಖಾರ-ಚಿಪ್ಸ್ ತಯಾರಕರಿಗೆ ಅದು ಬೇಕೇ ಬೇಕು. ಮನೆಬಳಕೆಯ ಎಣ್ಣೆಗೆ ನನ್ನ ಅಭಿಪ್ರಾಯ ಬೇರೆ: ಲಿನೊಲೆನಿಕ್ ಒಮೆಗಾ-3 ಆಮ್ಲ, ಮೀನು ತಿನ್ನದವರಿಗೆ ಸೋಯಾ ಎಣ್ಣೆ ಅದರ ಒಳ್ಳೆಯ ಮೂಲ. ಒಗ್ಗರಣೆಗೆ ಬಳಸುವ ಎಣ್ಣೆಯಲ್ಲಿ ಅದನ್ನು ಪೂರ್ತಿ ತೆಗೆದುಹಾಕುವುದು ಲಾಭವೆಂದು ನಾನು ಒಪ್ಪುವುದಿಲ್ಲ. ಎಣ್ಣೆ ಯಾರಿಗೆ ಎಂಬುದನ್ನು ಮೊದಲು ನಿಶ್ಚಯಿಸಿ.

ಎನ್‌ಆರ್‌ಸಿ 147ರಲ್ಲಿ ಒಲಿಯಿಕ್ ಶೇ 42. ನಮ್ಮ ಹಗಲಿನ ಉದ್ದಕ್ಕೆ ಹೊಂದಿದ ತಳಿ, ಅದು ದೊಡ್ಡ ಅನುಕೂಲ. ಆದರೆ ಕೇವಲ ಅದರಿಂದ 80 ಬರದು. ಜೊತೆಗೆ ಲಿಪಾಕ್ಸಿಜನೇಸ್-2 ಕಿಣ್ವ ಇಲ್ಲದ ಎನ್‌ಆರ್‌ಸಿ 132, ಎನ್‌ಆರ್‌ಸಿ 142 ತಳಿಗಳನ್ನೂ ಎಣ್ಣೆಯ ಗುಣಕ್ಕೆಂದು ಕೆಲವರು ಕೇಳುತ್ತಾರೆ. ಅವು ಸೋಯಾ ಹಾಲು, ಹಿಟ್ಟಿನ ಹಸಿಕಾಳು ವಾಸನೆ ತಗ್ಗಿಸಲು ಒಳ್ಳೆಯವು. ಬಿಸಿಮಾಡಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಆ ಕಿಣ್ವ ಉಳಿದಿರುವುದೇ ಇಲ್ಲ, ಬಾಣಲೆಯಲ್ಲಿ ಎಣ್ಣೆ ಎಷ್ಟು ಹೊತ್ತು ಬಾಳುತ್ತದೆ ಎಂಬುದನ್ನು ಕೊಬ್ಬಿನಾಮ್ಲಗಳೇ ತೀರ್ಮಾನಿಸುತ್ತವೆ.

ಬೀಜದಳ

ಗಾಣ_ಗಿರಣಿಯವರ ಮಾತಿಗೆ ಅರ್ಧ ಒಪ್ಪಿಗೆ. ಬೇಡವೆಂದರೆ ಕೊನೆಯಲ್ಲಿ ಬಿಡಬಹುದು, ಈಗಲೇ ಕಳೆದುಕೊಂಡರೆ ಮತ್ತೆ ದಾನಿಗೆ ಹೋಗಬೇಕಾಗುತ್ತದೆ. ಮತ್ತು 256ರ ಲೆಕ್ಕಕ್ಕೆ ಹೆದರಬೇಕಿಲ್ಲ. ನಾಲ್ಕೂ ಒಂದೇ ಪೀಳಿಗೆಯಲ್ಲಿ ಬೇಕೆಂದರೆ 766 ಕಾಳು ಬೇಕು, ನಿಜ. ಎರಡು ಹೆಜ್ಜೆಯಲ್ಲಿ ಹೋದರೆ ನೀವು ಹೇಗೂ ಮಾಡುವ 200 ಸಾಕು.

ಎಫ್2ನಲ್ಲಿ ಜಿಸಿಯಿಂದ ಒಲಿಯಿಕ್ 75 ದಾಟಿದ 12-13 ಕಾಳು ಆಯ್ದಿರಿ ಎನ್ನಿ. ಆ ಹನ್ನೆರಡಕ್ಕೆ ಮಾತ್ರ ಫ್ಯಾಡ್3ಎ, ಫ್ಯಾಡ್3ಸಿ ಮಾರ್ಕರ್ ಹಾಕಿ. ಎರಡರಲ್ಲೂ ಕನಿಷ್ಠ ಒಂದು ಮ್ಯೂಟೆಂಟ್ ಪ್ರತಿ ಇರುವ ಸಾಧ್ಯತೆ ಹದಿನಾರರಲ್ಲಿ ಒಂಬತ್ತು, ಅಂದರೆ ಏಳು ಗಿಡಗಳ ಸುಮಾರು ಸಿಗುತ್ತವೆ. ಅವುಗಳ ಎಫ್3 ಕಾಳಿನಲ್ಲಿ ಒಲಿಯಿಕ್ ಆಗಲೇ ಸ್ಥಿರ, ಲಿನೊಲೆನಿಕ್ ಮಾತ್ರ ಒಡೆಯುತ್ತಿರುತ್ತದೆ. ಎರಡೂ ಮಿಶ್ರವಾಗಿದ್ದ ಗಿಡದಲ್ಲಿ ಹದಿನಾರರಲ್ಲಿ ಒಂದು, ಒಂದು ಆಗಲೇ ಸ್ಥಿರವಾಗಿದ್ದರೆ ನಾಲ್ಕರಲ್ಲಿ ಒಂದು. ಇಲ್ಲಿ ಜಿಸಿಗಿಂತ ಮಾರ್ಕರನ್ನೇ ನಂಬಿ: ಒಲಿಯಿಕ್ 80 ಇರುವ ಕಾಳಿನಲ್ಲಿ ಲಿನೊಲೆನಿಕ್ 2.5 ಮತ್ತು 3.5ರ ವ್ಯತ್ಯಾಸವನ್ನು ಒಂಟಿ ಚೂರು ಖಚಿತವಾಗಿ ಹೇಳದು. ಬ್ಯಾಕ್‌ಕ್ರಾಸ್ ದಾರಿ ಹಿಡಿದರೂ ಬಿಸಿ2ಎಫ್2ನಲ್ಲಿ (ಎರಡನೇ ಬ್ಯಾಕ್‌ಕ್ರಾಸಿನ ಗಿಡಗಳ ಸ್ವಪರಾಗದ ಕಾಳಿನಲ್ಲಿ) ಇದೇ ಕ್ರಮ.

ಮೊಳಕೆ, ಇಳುವರಿ ಕೇಳಿದ್ದಿರಿ. ಫ್ಯಾಡ್2-1 ಜೋಡಿ ಮುಖ್ಯವಾಗಿ ಬೆಳೆಯುವ ಕಾಳಿನಲ್ಲಿ ಕೆಲಸ ಮಾಡುತ್ತದೆ. ಎಲೆ, ಬೇರಿನ ಪೊರೆಗಳಿಗೆ ಬೇಕಾದ ಲಿನೊಲಿಯಿಕ್ ಒದಗಿಸಲು ಫ್ಯಾಡ್2-2 ಜೀನ್‌ಗಳು ಇವೆ. ಗಿಡ ಬಡವಾಗದಿರುವುದು ಅದಕ್ಕೇ. ಇಳುವರಿ ಕುಗ್ಗಿದರೆ ದಾನಿಯ ಉಳಿದ ಜೀನ್‌ಗಳನ್ನು ಮೊದಲು ಅನುಮಾನಿಸಿ. ಎಲ್ಲ ಎಣ್ಣೆ ಮ್ಯುಟೇಶನ್‌ಗಳೂ ಇಷ್ಟು ಸಾಧುವಲ್ಲ: ಸ್ಟಿಯರಿಕ್ ಹೆಚ್ಚಿಸಿದ ಎ6 ಸಾಲಿನಲ್ಲಿ ಇಳುವರಿ ಕುಸಿದಿತ್ತು. ಅಲ್ಲಿ ಅಳಿಸಿಹೋದ ಎಸ್‌ಎಸಿಪಿಡಿ-ಸಿ ಜೀನ್ ಕೆಟ್ಟರೆ ಬೇರುಗಂಟಿನ ರಚನೆಗೂ ಪೆಟ್ಟು ಬೀಳುತ್ತದೆಂದು ಆಮೇಲೆ ತಿಳಿಯಿತು.

ಕೊನೆಯದಾಗಿ ಅಲೀಲ್ ವಿಷಯ. 17ಡಿ ಮ್ಯುಟೇಶನ್‌ನಲ್ಲಿ ಬದಲಾಗಿರುವುದು ಒಂದು ಅಮೈನೋ ಆಮ್ಲ ಮಾತ್ರ. ಇನ್ನೊಂದು 1ಎ ಮ್ಯೂಟೆಂಟ್ ಆದ ಪಿಐ 603452ರಲ್ಲಿ ಡಿಎನ್‌ಎಯ ಒಂದು ಅಕ್ಷರ ಬಿದ್ದುಹೋಗಿ ಪ್ರೋಟೀನ್ ಅರ್ಧಕ್ಕೇ ಮುರಿಯುತ್ತದೆ, ಪೂರ್ತಿ ನಿಷ್ಕ್ರಿಯ. ಎರಡರಲ್ಲಿ ಆಯ್ಕೆ ಇದ್ದರೆ ಎರಡನೆಯದನ್ನು ಹಿಡಿಯಿರಿ, ತಂಪು ರಾತ್ರಿಯಲ್ಲಿ ಕಾಳು ತುಂಬಿದರೂ ಒಲಿಯಿಕ್ ಹೆಚ್ಚು ಜಾರುವುದಿಲ್ಲ.

ಬಿತ್ತನೆ_ಬೀಜ

ಜೀನ್ ಎಡಿಟಿಂಗ್ ಮಾಡಿದರಾಗದೇ ಎಂದು ಯಾರಾದರೂ ಕೇಳುವ ಮೊದಲೇ: ಅಮೆರಿಕದ ಒಂದು ಕಂಪನಿ ಟ್ಯಾಲೆನ್ ಎಂಬ ಡಿಎನ್‌ಎ ಕತ್ತರಿ ಬಳಸಿ ಇದೇ ಎರಡು ಜೀನ್ ಕತ್ತರಿಸಿ 80 ಮುಟ್ಟಿತ್ತು, ಆ ಎಣ್ಣೆ 2019ರಲ್ಲಿ ಮಾರುಕಟ್ಟೆಗೂ ಬಂತು. ಭಾರತದಲ್ಲಿ 2022ರ ಮಾರ್ಚ್ ಆದೇಶ ಹೊರಗಿನ ಡಿಎನ್‌ಎ ಉಳಿಯದ ಎಡಿಟಿಂಗಿಗೆ ಜಿಎಂ ನಿಯಮಗಳ ಬಹುಭಾಗದಿಂದ ವಿನಾಯಿತಿ ಕೊಟ್ಟಿದೆ. ಜೆಎಸ್ 335ರಲ್ಲೇ ನೇರ ಕತ್ತರಿಸಿದರೆ ಹಗಲಿನ ಉದ್ದದ ತಕರಾರು ಬರುವುದಿಲ್ಲ. ಆದರೆ ಸೋಯಾಬೀನಿನಲ್ಲಿ ಅಂಗಾಂಶ ಕೃಷಿ ಕಷ್ಟ, ಮತ್ತು ನಿಮ್ಮ ಕೈಯಲ್ಲಿ ಮ್ಯೂಟೆಂಟ್ ಆಗಲೇ ಇದೆ. ಹೊಸ ದಾನಿ ಬೇಕಾದರೆ ಎನ್‌ಬಿಪಿಜಿಆರ್ (ದೇಶದ ಸಸ್ಯ ತಳಿ ಸಂಪನ್ಮೂಲ ಸಂಸ್ಥೆ) ಮೂಲಕ ಆಮದು ಪರವಾನಗಿ, ಕ್ವಾರಂಟೈನ್ ಮುಗಿಸಿ ತರಿಸಿ. ತಳಿ ಬಿಡುಗಡೆ ಮಾಡುವ ಯೋಚನೆ ಇದ್ದರೆ ದಾನಿಯ ಜೊತೆ ಬಂದ ಒಪ್ಪಂದದ ಷರತ್ತುಗಳನ್ನು ಈಗಲೇ ಓದಿಟ್ಟುಕೊಳ್ಳಿ.

ತಳಿ ಸಿದ್ಧವಾದ ಮೇಲೆ ಕಾಳಿನ ಶುದ್ಧತೆಯೇ ದೊಡ್ಡ ಕೆಲಸ. ಸೋಯಾಬೀನ್ ಬಹುತೇಕ ಸ್ವಪರಾಗದ ಬೆಳೆ, ಪ್ರಮಾಣಿತ ಬೀಜಕ್ಕೆ 3 ಮೀಟರ್ ಅಂತರ ಸಾಕು. ಕಲಬೆರಕೆ ಆಗುವುದು ಒಕ್ಕುವ ಯಂತ್ರದಲ್ಲಿ, ಚೀಲದಲ್ಲಿ, ಗೋದಾಮಿನಲ್ಲಿ. ಶೇ 80ರ ಕಾಳಿಗೆ ಶೇ 10 ಮಾಮೂಲಿ ಕಾಳು ಬೆರೆತರೆ ಎಣ್ಣೆಯಲ್ಲಿ ಒಲಿಯಿಕ್ 74ಕ್ಕೆ ಇಳಿಯುತ್ತದೆ. 75 ಕಾಯ್ದುಕೊಳ್ಳಬೇಕೆಂದರೆ ಬೆರಕೆ ಶೇ 8ರ ಒಳಗಿರಬೇಕು. ಎಪಿಎಂಸಿಯಲ್ಲಿ ತೇವಾಂಶ, ಕಸ, ಒಡೆದ ಕಾಳು ನೋಡಿ ದರ ಕಟ್ಟುತ್ತಾರೆ, ಒಲಿಯಿಕ್ ಕೇಳುವವರು ಅಲ್ಲಿಲ್ಲ. ಒಂದು ಗಿರಣಿ, ಅದರ ಸುತ್ತಲಿನ ಒಂದಷ್ಟು ರೈತ ಉತ್ಪಾದಕ ಸಂಘಗಳ ಜೊತೆ ಖರೀದಿ ಒಪ್ಪಂದ ಮೊದಲೇ ಆಗಿರದಿದ್ದರೆ ರೈತರಿಗೆ ಇದರಿಂದ ಒಂದು ರೂಪಾಯಿಯೂ ಹೆಚ್ಚು ಸಿಗದು.

ಪ್ರಜನನ ಬೀಜದ ಹಂತದಲ್ಲಿ ಗಿಡದಿಂದ ಸಾಲಿಗೆ ಕ್ರಮ ಅನುಸರಿಸಿ, ಅಂದರೆ ಒಂದೊಂದು ಗಿಡದ ಕಾಳನ್ನು ಒಂದೊಂದು ಸಾಲಾಗಿ ಬಿತ್ತಿ. ಪ್ರತಿ ಸಾಲಿನಿಂದ ಹತ್ತು ಕಾಳು ಒಂಟಿಯಾಗಿ ಜಿಸಿ ಮಾಡಿಸಿ, 70ಕ್ಕಿಂತ ಕೆಳಗಿನ ಒಂದೇ ಒಂದು ಕಾಳು ಬಂದರೂ ಆ ಸಾಲನ್ನೇ ಕೈಬಿಡಿ. ಒಕ್ಕುವಾಗ ತೇವಾಂಶ 13-14 ಇದ್ದು ಡ್ರಮ್ಮಿನ ವೇಗ ತಗ್ಗಿಸಿದರೆ ಸಿಪ್ಪೆ ಬಿರಿಯುವುದಿಲ್ಲ. ಆಮೇಲೆ ನೆರಳಲ್ಲಿ 10ಕ್ಕೆ ಒಣಗಿಸಿ ಇಡಿ. ಮೊಳಕೆ ಶೇ 70ಕ್ಕಿಂತ ಕೆಳಗಿಳಿದರೆ ಬಿತ್ತನೆ ಬೀಜವಾಗಿ ಪ್ರಮಾಣೀಕರಣ ಸಿಗುವುದಿಲ್ಲ, ಹಾಗಾಗಿ ಮುಂಗಾರಿನ ಬೀಜವನ್ನು ಮೇ ತಿಂಗಳ ಸೆಕೆಗೆ ಸಿಗದಂತೆ ತಣ್ಣನೆಯ ಕೋಣೆಯಲ್ಲಿಡಿ, ಇಲ್ಲವೇ ಬೇಸಿಗೆಯಲ್ಲಿ ನೀರಾವರಿಯಡಿ ಹೊಸದಾಗಿ ಬೆಳೆದುಕೊಳ್ಳಿ.